ಅಣ್ಣಿಗೇರಿಯಿಂದ ಬಂದ ನಾತ

ಧಾರವಾಡದಲ್ಲಿ ಭೌತಶಾಸ್ತ್ರ ಓದಿ ಬಂದ ನನಗೆ ಇಂಥ ಕಥೆ ಹೇಳುವವರನ್ನು ಕಂಡರೆ ಆಗುತ್ತಿರಲಿಲ್ಲ. ಈಗ ನಾನೇ ಒಂದನ್ನು ಬರೆಯುತ್ತಿದ್ದೇನೆ. ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ, ನೀವೂ ನಂಬಬೇಕಾಗಿಲ್ಲ.

ಎಂಬತ್ತರ ದಶಕದ ಕೊನೆ. ಹತ್ತಿ ಬೆಳೆಗಾರರ ಸಂಘವೊಂದರ ಕಂಪ್ಯೂಟರುಗಳನ್ನು ನಾನು ನೋಡಿಕೊಳ್ಳುತ್ತಿದ್ದೆ. ಅಣ್ಣಿಗೇರಿಯಲ್ಲೊಂದು, ನವಲಗುಂದದಲ್ಲೊಂದು. ಒಂದು ಕೆಟ್ಟರೆ ಇನ್ನೊಂದಿರಲಿ ಎಂದು ಎರಡರಲ್ಲೂ ಸದಸ್ಯರ ಅದೇ ಮಾಹಿತಿ. ಒಂದರಲ್ಲಿ ಬದಲಾದದ್ದನ್ನು ಫ್ಲಾಪಿಗೆ ತುಂಬಿ ಬಸ್ಸಿನಲ್ಲಿ ಇನ್ನೊಂದಕ್ಕೆ ಒಯ್ಯುತ್ತಿದ್ದೆವು. ನವಲಗುಂದದ ಡಿಸ್ಕ್ ಕೆಟ್ಟು ಹೊಸದು ಹಾಕಿಸಿದಾಗ ಎಲ್ಲ ಫೈಲುಗಳನ್ನೂ ಅಣ್ಣಿಗೇರಿಯಿಂದ ತರಬೇಕಾಯಿತು.

ಅಲ್ಲಿಯ ಕೋಣೆ ಹತ್ತಿಕಾಳಿನ ಗೋದಾಮಿನ ಬಾಜು. ಬಾಗಿಲು ತೆಗೆದರೆ ಕೊಳೆತ ನಾತ. ಯಂತ್ರದ ಮೇಜಿನ ಕೆಳಗೆ ಹೆಗ್ಗಣ ಸತ್ತು, ಹೊಟ್ಟೆ ಒಡೆದು, ಹುಳು ಮಿಜಿಗುಡುತ್ತಿದ್ದವು. ಎತ್ತಿ ಹಾಕಿಸಿ, ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ನಕಲು ಮಾಡಿಕೊಂಡೆ. ಈ ಸುದ್ದಿಯನ್ನು ನವಲಗುಂದದಲ್ಲಿ ಯಾರಿಗೂ ಹೇಳಲಿಲ್ಲ. ನೆನೆದರೇ ವಾಕರಿಕೆ ಬರುತ್ತಿತ್ತು.

ನವಲಗುಂದದ ಯಂತ್ರದ ಮುಂದೆ ಕೂರುತ್ತಿದ್ದವಳು ನೀಲವ್ವ, ದಿನಗೂಲಿಯವಳು. ಮರುದಿನ ಮಧ್ಯಾಹ್ನ ಸಂಘದ ಸಾಹೇಬರು ತಪಾಸಣೆಗೆ ಬರುವವರಿದ್ದರು. ಎರಡೂ ಕಡೆಯ ಮಾಹಿತಿ ತಾಳೆಯಾದರೆ ಅವಳ ನೌಕರಿ ಕಾಯಂ, ಇಲ್ಲದಿದ್ದರೆ ಅಂದೇ ಮನೆಗೆ. ಬೆಳಿಗ್ಗೆಯೇ ಫೈಲು ತುಂಬಿಸಿ, ಫ್ಲಾಪಿಗಳನ್ನು ಬಸ್ಸಿಗೆ ಕೊಟ್ಟು ಮರಳಿ ಕಳಿಸಿದೆವು. ಹೊಸದಾಗಿ ಸುಣ್ಣ ಹೊಡೆದ ಕೋಣೆ. ಅವಳು ಮೊದಲ ಫೈಲು ತೆರೆದಳು.

“ಸರ್, ಹೆಗ್ಗಣ ಸತ್ತ ನಾತ ಬರಾಕತ್ತೈತಿ. ನಿಮಗ ಬರವಲ್ದೇನ್ರಿ?”

ಬರುತ್ತಿತ್ತು. ಮೇಜು ಸರಿಸಿದೆವು, ಯಂತ್ರದ ಮುಚ್ಚಳ ಬಿಚ್ಚಿದೆವು, ಏನೂ ಇಲ್ಲ. ಫೈಲು ಮುಚ್ಚಿದರೆ ಹೋಗುತ್ತಿತ್ತು. ತೆರೆದರೆ ನಾಲಿಗೆಯ ಮೇಲೆ ಬಂದು ಕೂತಂತಾಗುತ್ತಿತ್ತು. ನಾನು ಬೆನ್ನು ಮಾಡಿ ನಿಂತು, ಹೇಳದೆ ತೆರೆದು ಮುಚ್ಚಲು ಅವಳಿಗೆ ತಿಳಿಸಿದೆ. ಒಂದು ಸಲವೂ ನನ್ನ ಮೂಗು ತಪ್ಪಲಿಲ್ಲ.

ಎಲ್ಲ ಅಳಿಸಿಬಿಡು ಎಂದೆ.

“ಅಳಿಸಿ ನಾ ಎಲ್ಲಿ ಹೋಗ್ಲಿರಿ?” ಎಂದವಳು ಸೆರಗನ್ನು ಮೂಗಿಗೆ ಬಿಗಿದುಕೊಂಡು, ಅಣ್ಣಿಗೇರಿಯವರು ಫೋನಿನಲ್ಲಿ ಓದಿದ್ದಕ್ಕೆ ಒಂದೊಂದೇ ಫೈಲನ್ನು ತಾಳೆ ನೋಡುತ್ತ ಕೂತಳು. ನಡುವೆ ಎದ್ದು ಹಿತ್ತಲಲ್ಲಿ ಕಾರಿಕೊಂಡು ಬಂದು ಮತ್ತೆ ಕೂತಳು. ಎಲ್ಲವೂ ತಾಳೆಯಾಯಿತು.

ಸಾಹೇಬರಿಗೆ ಯಾವ ನಾತವೂ ಬರಲಿಲ್ಲ. ತೆರೆದ ಫೈಲಿನ ಮುಂದೆಯೇ ಬೆರಳು ನೆಕ್ಕಿಕೊಳ್ಳುತ್ತ ಮಿರ್ಚಿ ತಿಂದರು. ನಾನು ಹೊರಗೆ ಹೋಗಿ ನಿಂತೆ.

ಎಲ್ಲ ನನ್ನ ತಲೆಯೊಳಗಿನದೇ ಎಂದು ಆಮೇಲೆ ತೀರ್ಮಾನಿಸಿಕೊಂಡೆ. ಹೆಗ್ಗಣದ ಸುದ್ದಿಯನ್ನು ನೀಲವ್ವನಿಗೆ ಹೇಳಿ ಮರೆತಿರಬಹುದು. ಆದರೆ ಕಾಯಂ ಆದ ಕೆಲವೇ ದಿನಕ್ಕೆ ಅವಳು ನೌಕರಿ ಬಿಟ್ಟು ತವರೂರು ಕುಬಿಹಾಳಕ್ಕೆ ಹೊರಟಳು. ಯಾಕೆಂದು ಬಸ್ ನಿಲ್ದಾಣದಲ್ಲಿ ಕೇಳಿದೆ.

“ಉಣ್ಣಾಕ ಕುಂತ್ರ ಅದ ನಾತರಿ ಸರ್. ಪಗಾರ ಬಂದ್ರ ಸಾಕೇನ್ರಿ, ಅನ್ನ ಒಳಗ ಹೋಗಬೇಕಲ್ರಿ.”

ನನ್ನ ಮೂಗನ್ನು ನಾನು ಅಲ್ಲಗಳೆಯಬಲ್ಲೆ. ಅಷ್ಟು ಕಷ್ಟಪಟ್ಟು ಗಳಿಸಿದ ನೌಕರಿಯನ್ನು ಅವಳು ಬಿಟ್ಟು ಹೋದದ್ದನ್ನು ಹೇಗೆ ಅಲ್ಲಗಳೆಯಲಿ?