ಕುಸುಬಿ ಎಣ್ಣೆ ಕುಡಿದ ಜಾಕ್

ಆ ಉಕ್ಕಿನ ಗುಂಡು ಕೊನೆಗೆ ಎಲ್ಲಿ ಸಿಕ್ಕಿತು ಎಂಬುದು ನನಗೆ ಖಚಿತವಿಲ್ಲ. ನಾನೇ ಹುಡುಕಿದೆ ಎಂದು ನೆನಪು ಹೇಳುತ್ತದೆ. ಆದರೆ ನನ್ನ ನೆನಪು ಯಾವ ಪ್ರಸಂಗದಲ್ಲೂ ನನ್ನನ್ನು ಹಿಂದಿನ ಸಾಲಿನಲ್ಲಿ ನಿಲ್ಲಿಸಿದ್ದಿಲ್ಲ. ಹಾಗಾಗಿ ಅದರ ಸಾಕ್ಷಿಯನ್ನು ನಂಬುವುದನ್ನು ಬಿಟ್ಟಿದ್ದೇನೆ.

ನಡೆದದ್ದು ಹಡಗಲಿ ಕಡೆಯ ನಮ್ಮ ಮನೆಯ ಅಂಗಳದಲ್ಲಿ. ಅಣ್ಣ ತನ್ನ ಸಣ್ಣ ಗೂಡ್ಸ್ ಗಾಡಿಯಲ್ಲಿ ಸುತ್ತಲಿನ ತೋಟಗಳ ಮಲ್ಲಿಗೆ ಮೊಗ್ಗನ್ನು ದಾವಣಗೆರೆಯ ಮಾರುಕಟ್ಟೆಗೆ ಒಯ್ಯುತ್ತಾನೆ. ಆಗ ಆ ಬಾಡಿಗೆ ಅವನಿಗೆ ಹೊಸದು. ಮೊದಲು ಅದು ಎದುರು ಮನೆಯವನದಾಗಿತ್ತು. ಒಮ್ಮೆ ತಡಮಾಡಿ, ಅರಳಿದ ಹೂವು ಮುಟ್ಟಿಸಿದ್ದಕ್ಕೆ ತೋಟದವರು ಅವನನ್ನು ಬಿಟ್ಟಿದ್ದರು. ಅಣ್ಣನಿಗೂ ಅದೇ ಮಾತು ಹೇಳಿದ್ದರು: ಮೊಗ್ಗು ಮೊಗ್ಗಾಗಿಯೇ ಮುಟ್ಟಬೇಕು, ಇಲ್ಲದಿದ್ದರೆ ನಾಳೆಯಿಂದ ಬೇರೆ ಗಾಡಿ.

ಅವತ್ತು ಬೆಳಿಗ್ಗೆ ಮೂಟೆಗಳನ್ನು ತುಂಬಿಕೊಂಡು ಬುತ್ತಿಗೆಂದು ಮನೆಗೆ ಬಂದ. ಹೊರಡುವಾಗ ನೋಡಿದರೆ ಹಿಂದಿನ ಗಾಲಿ ಪಂಚರ್. ಸ್ಟೆಪ್ನಿ ಇತ್ತು, ಟ್ರಾಲಿ ಜಾಕೂ ಇತ್ತು. ಜಾಕ್ ಗಾಡಿಯನ್ನು ಎತ್ತುತ್ತಿತ್ತು; ಎತ್ತಿ, ತುಸು ಯೋಚಿಸಿ, ಮೆಲ್ಲಗೆ ಇಳಿಸಿಬಿಡುತ್ತಿತ್ತು. ಇಷ್ಟೊಂದು ವಿನಯವನ್ನು ನಾನು ನೌಕರಿಯ ಸಂದರ್ಶನಕ್ಕೆ ಬಂದವರಲ್ಲಿ ಮಾತ್ರ ಕಂಡಿದ್ದೆ.

“ಎದುರು ಮನಿಯಾಗ ಜಾಕ್ ಐತಲ್ಲ, ಇಸ್ಕೊಂಬಾ,” ಎಂದಳು ಅವ್ವ.

“ಹೂವು ಇಲ್ಲೇ ಅರಳಿ ಒಣಗ್ಲಿ ಬೇ. ಅವನ ಬಾಗ್ಲಿಗೆ ನಾ ಹೋಗಂಗಿಲ್ಲ,” ಎಂದ ಅಣ್ಣ.

ಎದುರು ಮನೆಯವನು ಕಟ್ಟೆಯ ಮೇಲೆ ಕೂತು ಚಾ ಕುಡಿಯುತ್ತ, ಕೇಳಿದರೆ ಕೊಡುವ ಮಹಾನುಭಾವನ ಮುಖ ಮಾಡಿಕೊಂಡಿದ್ದ.

ಹೀಗೆ ರಿಪೇರಿ ನನ್ನ ಪಾಲಿಗೆ ಬಂತು. ತತ್ವಶಾಸ್ತ್ರ ಓದಿದವನಿಗೂ ಜಾಕಿಗೂ ಏನು ಸಂಬಂಧ ಎಂದು ನಮ್ಮ ಮನೆಯಲ್ಲಿ ಯಾರಿಗೂ ಸಂಶಯ ಬರಲಿಲ್ಲ. ಎಲ್ಲವನ್ನೂ ಸಂಶಯಿಸಬೇಕೆಂದು ಕಲಿತು ಬಂದಿದ್ದ ನನಗೂ ಬರಲಿಲ್ಲ. ಮೊಬೈಲಿನಲ್ಲಿ ವಿಡಿಯೊ ಹಚ್ಚಿಕೊಂಡು ಒತ್ತಡ ಬಿಡುವ ಸ್ಕ್ರೂ ಬಿಚ್ಚಿದೆ. ಎಣ್ಣೆ ಹರಿಯಬೇಕಿತ್ತು; ಬಂದದ್ದು ಜೋನಿಬೆಲ್ಲದಂಥ ಅಂಟು. ಅದರ ವಾಸನೆಗೆ ಮಂಡಕ್ಕಿ ಒಗ್ಗರಣೆ ನೆನಪಾಯಿತು.

“ಇದಕ್ಕೇನು ಹಾಕಿದ್ದಿ?” ಎಂದು ಅಣ್ಣನನ್ನು ಕೇಳಿದೆ.

“ಕುಸುಬಿ ಎಣ್ಣಿ. ಆಯುಧ ಪೂಜಿ ದಿನ. ವರ್ಷಪೂರ್ತಿ ದುಡಿತೈತಿ, ಹಬ್ಬದ ದಿನಾನೂ ಅದಕ್ಕ ಅಂಗಡಿ ಎಣ್ಣಿ ಕುಡಿಸ್ಲೇನು? ಗಾಣದ್ದು ಹಾಕೀನಿ. ನಿಮ್ಮ ಯೂನಿವರ್ಸಿಟಿಯಾಗ ಸಿಗಂಗಿಲ್ಲ ಇಂಥಾದ್ದು.”

“ಎಣ್ಣಿ ಹಾಕ್ಯಾನ, ವಿಷ ಹಾಕಿಲ್ಲಲ್ಲ,” ಎಂದು ಅವ್ವ ಹಿರಿಮಗನ ವಕಾಲತ್ತು ವಹಿಸಿದಳು.

ಈ ಭಕ್ತಿಯ ಪರಿಣಾಮವನ್ನು ನಾನು ಡೀಸೆಲಿನಲ್ಲಿ ತೊಳೆಯತೊಡಗಿದೆ. ಆ ಸ್ಕ್ರೂವಿನ ಹಿಂದೆ, ಎಣ್ಣೆ ವಾಪಸು ಹರಿಯದಂತೆ ತಡೆಯುವ ಒಂದು ಉಕ್ಕಿನ ಗುಂಡು ಇರುತ್ತದಂತೆ. ವಿಡಿಯೊದ ಪುಣ್ಯಾತ್ಮ ಇದನ್ನು ಹೇಳಿದ್ದು ಗುಂಡು ಬಿದ್ದು ಉರುಳಿದ ಮೇಲೆ. ಅದು ಜೋಳದ ಕಾಳಿನಷ್ಟೇ ದಪ್ಪ. ಉರುಳಿದ್ದು ಅಂಗಳದಲ್ಲಿ ಒಣಹಾಕಿದ್ದ ಜೋಳದ ರಾಶಿಯೊಳಕ್ಕೆ.

ಅವ್ವ ಜರಡಿ ತಂದಳು. ಕಾಳು, ಗುಂಡು ಒಂದೇ ಗಾತ್ರವಾದ್ದರಿಂದ ಜರಡಿ ಇಬ್ಬರಿಗೂ ನ್ಯಾಯ ಒದಗಿಸಿತು. ನಾನು ಹಳೆಯ ಸ್ಪೀಕರಿನ ಅಯಸ್ಕಾಂತ ಕಿತ್ತು ತಂದು ಜೋಳದ ಮೇಲೆಲ್ಲ ಆಡಿಸಿದೆ; ಎರಡು ಮೊಳೆ, ಒಂದು ಪಿನ್ನು ಬಂದವು. ಅಷ್ಟರಲ್ಲಿ ಬಿಸಿಲೇರಿತ್ತು.

“ಲೇ, ಜೋಳ ಆಮ್ಯಾಲೆ ಆರ್ಸೀರಂತ. ತಟ್ಟಿಗೆ ನೀರು ಹೊಡೀರಿ, ಹೂವು ಬಿಸಿಲಿಗೆ ಕಾಯಾಕತ್ಯಾವ!” ಎಂದು ಎದುರು ಮನೆಯವನು ಕಟ್ಟೆಯಿಂದಲೇ ಕೂಗಿದ.

ಅಣ್ಣ ಕೇಳಿಸದವನಂತೆ ಬೆನ್ನು ತಿರುಗಿಸಿ, ಕೊಡ ಎತ್ತಿಕೊಂಡು ಹೋಗಿ ಮೂಟೆಗಳ ಗೋಣಿತಟ್ಟನ್ನು ತೋಯಿಸಿದ.

ಮುಂದಿನದಕ್ಕೆ ಮೂರು ಕಥೆಗಳಿವೆ. ಗುಂಡು ಅಯಸ್ಕಾಂತಕ್ಕೆ ಅಂಟಿತು ಎಂಬುದು ನನ್ನದು. ಮೊರದಲ್ಲಿ ಕೇರುವಾಗ ತನಗೇ ಸಿಕ್ಕಿತು ಎಂಬುದು ಅವ್ವನದು. ಅದು ಬಿದ್ದೇ ಇರಲಿಲ್ಲ, ನನ್ನ ಅಂಗಿಯ ತೋಳಿಗೆ ಅಂಟಿಕೊಂಡಿತ್ತು ಎಂಬುದು ಅಣ್ಣನದು. ಊರು ನಂಬಿದ್ದು ಇದನ್ನೇ. ಅಂತೂ ಗುಂಡು ಸ್ವಸ್ಥಾನ ಸೇರಿತು. ದೊಡ್ಡಪ್ಪನ ಟ್ರ್ಯಾಕ್ಟರಿಗೆಂದು ತಂದಿಟ್ಟಿದ್ದ ಹೈಡ್ರಾಲಿಕ್ ಎಣ್ಣೆ ಬಂತು. ಎಣ್ಣೆ ತುಂಬಿ, ಸ್ಕ್ರೂ ಸಡಿಲಿಸಿ, ಹಿಡಿಕೆ ಆಡಿಸುತ್ತ ಒಳಗಿನ ಗಾಳಿ ಹೊರಹಾಕಿದೆ. ಇನ್ನೇನು ಪರೀಕ್ಷಿಸಬೇಕು ಎನ್ನುವಾಗ ಅವ್ವ ಓಡಿಬಂದು ಜಾಕಿನ ನೆತ್ತಿಗೆ ವಿಭೂತಿ ಬಳಿದಳು. ಜಾಕ್ ಗಾಡಿಯನ್ನು ಎತ್ತಿತು, ಇಳಿಸಲಿಲ್ಲ. ನನ್ನ ಒಂದಿಡೀ ಬೆಳಗಿನ ದುಡಿಮೆ ಹೀಗೆ ದೇವರ ಖಾತೆಗೆ ಜಮೆಯಾಯಿತು.

ಅಣ್ಣ ಗಾಲಿ ಬದಲಿಸಿ, ಊಟ ಬಿಟ್ಟು, ಹರಪನಹಳ್ಳಿ ದಾರಿ ಹಿಡಿದ. ಸಂಜೆ ಬಂದವನು, “ಒಂದ್ ಮೊಗ್ಗೂ ಅರಳಿರ್ಲಿಲ್ಲ,” ಎಂದ. ಎದುರು ಮನೆಯವನಿಗೆ ಕೇಳುವಷ್ಟು ಗಟ್ಟಿಯಾಗಿ ಅಂದದ್ದರಿಂದ ನನಗೆ ಅನುಮಾನವೇ ಉಳಿಯಿತು. ಮುಂದೆ ದಾವಣಗೆರೆಗೆ ಹೋದಾಗ, ಅವನಿಂದ ಮೂಟೆ ಇಳಿಸಿಕೊಳ್ಳುವ ಹೂವಿನ ವ್ಯಾಪಾರದ ಹೆಂಗಸನ್ನು ಹುಡುಕಿ, ಗಾಡಿ ತಡವಾಗಿ ಬಂದ ಆ ದಿನದ ಬಗ್ಗೆ ಕೇಳಿದೆ.

“ತಡ ಆಗಿತ್ತು ಬಿಡ್ರಿ, ಬೈದಿದ್ದೆ ನಾನು,” ಎಂದಳು. “ಆದ್ರೆ ಮೊಗ್ಗೇ ಬಂದಿದ್ವು. ಗೋಣಿತಟ್ಟು ಇನ್ನೂ ಹಸಿ ಇತ್ತು, ಒಂದೂ ಬಾಯಿ ಬಿಟ್ಟಿರ್ಲಿಲ್ಲ.”