ಹಲಸಿನ ಮರದಲ್ಲಿ ಇಲ್ಲದ ಬಾವುಟ

ಹಲಸಿನ ಮರವನ್ನು ಮೂರನೆಯ ಬಾರಿ ಸುತ್ತಿದರೂ ಬಾವುಟ ಕಾಣಲಿಲ್ಲ. ನಕ್ಷೆ, ದಿಕ್ಸೂಚಿ ಹಿಡಿದು ಬಾವುಟಗಳನ್ನು ಹುಡುಕುತ್ತ ಓಡುವ ಓರಿಯಂಟೀರಿಂಗ್ ಸ್ಪರ್ಧೆ ಅದು. ಗಾಳಿಬೀಡಿನ ಕಾಫಿ ತೋಟವೊಂದರಲ್ಲಿ ನಡೆದಿತ್ತು. ಇತ್ತೀಚೆಗೆ ನನ್ನ ನೆನಪಿನ ಮೇಲೆ ನನಗೇ ಅನುಮಾನ. ಅದನ್ನು ಪರೀಕ್ಷಿಸಲೆಂದೇ ಈ ಹವ್ಯಾಸ ಹಿಡಿದಿದ್ದೆ.

"ಬೆಳಿಗ್ಗೆ ಅಭ್ಯಾಸಕ್ಕೆ ಒಬ್ಬನೇ ಬಂದಾಗ ಇಲ್ಲೇ ನೋಡಿದ್ದೆ" ಎಂದೆ.

ಜೊತೆಗಿದ್ದ ಹೆಂಡತಿ ಬೆವರು ಒರೆಸಿಕೊಂಡಳು. "ಗ್ಯಾಸ್ ಆಫ್ ಮಾಡಿದ್ದೀನಿ ಅಂತಾನೂ ಹೀಗೇ ಹೇಳಿದ್ರಿ."

ಕೊನೆಗೆ ಪಕ್ಕದಲ್ಲಿ ಕಾಫಿ ಹಣ್ಣು ಕೊಯ್ಯುತ್ತಿದ್ದ ಹೆಂಗಸನ್ನು ಕೇಳಿದೆವು.

"ಅದಾ ಸಾರ್? ಗೇಟ್ ಹತ್ರ ಕಟ್ಟಿದ್ದೀನಿ. ಪಾಪ, ಬೆಳಿಗ್ಗೆ ಎಲ್ಲಾರೂ ಅದನ್ನೇ ಹುಡುಕ್ತಾ ಓಡ್ತಾ ಇದ್ರು. ಇಲ್ಲಿದ್ರೆ ಯಾರ ಕಣ್ಣಿಗೆ ಬೀಳ್ತದೆ?"

ಹುಡುಕುವುದೇ ಆಟ ಎಂದು ವಿವರಿಸಹೋದೆ. "ಎಲ್ಲುಂಟು ಅಂತ ಕಟ್ಟಿದವ್ರಿಗೆ ಗೊತ್ತಲ್ಲ ಸಾರ್, ಅವ್ರನ್ನೇ ಕೇಳಬಹುದಿತ್ತು" ಎಂದಳು. ಎಂ.ಎಸ್ಸಿ. ಓದಿದ ನನಗೆ ಸಿಟ್ಟು ಬಂತು. ಸಿಟ್ಟಿನಲ್ಲೂ ಅನುಮಾನ ಬಿಡಲಿಲ್ಲ. ಬಾವುಟ ಇದ್ದದ್ದು ಇದೇ ಮರದಲ್ಲಿ ತಾನೆ ಎಂದು ಎರಡು ಸಲ ಕೇಳಿದೆ. ಅವಳು ಕೊಂಬೆಯಲ್ಲಿ ಉಳಿದಿದ್ದ ದಾರದ ತುಂಡನ್ನು ಬಿಚ್ಚಿ ನನ್ನ ಕೈಗಿಟ್ಟು, ಮತ್ತೆ ಗಿಡದ ಕಡೆ ತಿರುಗಿದಳು. ನಾವು ಎಲ್ಲರಿಗಿಂತ ಕೊನೆಗೆ ಮುಗಿಸಿದೆವು.

ಮನೆಯಲ್ಲಿ ನನ್ನ ಮರೆವಿನ ಮಾತು ಬಂದರೆ ಸಾಕ್ಷಿಗಿರಲಿ ಎಂದು ಆ ದಾರವನ್ನು ಜೋಪಾನವಾಗಿ ಎತ್ತಿಟ್ಟೆ. ಕಳೆದ ವಾರ ಮಾತು ಬಂತು. ಅದನ್ನು ಎಲ್ಲಿಟ್ಟಿದ್ದೆನೆಂದು ಹೆಂಡತಿಯನ್ನೇ ಕೇಳಬೇಕಾಯಿತು.