ನಾಯಕಿ ಉಟ್ಟ ಸೀರೆಯ ಬಣ್ಣ

ನಾನು ಬಣ್ಣದ ಕಡೆಯವನು. ಏಳನೆಯ ಇಯತ್ತೆಗೇ ಶಾಲೆ ಬಿಟ್ಟು ವಡಗಾವಿಯಲ್ಲಿ ಮಗ್ಗಕ್ಕೆ ನಿಂತವನಿಗೆ ಕಪ್ಪು ಬಿಳುಪು ಸಿನಿಮಾ ಅಂದರೆ ಬಣ್ಣಕ್ಕೆ ಹಾಕುವುದನ್ನು ಮರೆತ ನೂಲು. ಹಳೆಯ ಚಿತ್ರಗಳಿಗೆ ಕಂಪ್ಯೂಟರಿನಿಂದ ಬಣ್ಣ ತುಂಬಬೇಕೋ ಬೇಡವೋ ಎಂದು ಓದಿದವರು ತಾಸುಗಟ್ಟಲೆ ಮಾತಾಡುತ್ತಾರೆ. ತುಂಬಿ ಮುಗಿಸಿರಪ್ಪಾ ಅಂತಿದ್ದೆ ನಾನು.

ನನಗೆ ಬೇಕಾಗಿದ್ದು ಒಂದೇ ಒಂದು ಸೀರೆಯ ಬಣ್ಣ.

ಹಿಂದೆ ನಮ್ಮ ಓಣಿಯಲ್ಲೊಂದು ರೂಢಿ ಇತ್ತು. ಸಿನಿಮಾ ಚೆನ್ನಾಗಿ ಓಡಿತೋ, ನಾಯಕಿಯ ಸೀರೆ ನೋಡಿ ಬಂದು ಅಂಥದ್ದೇ ನೇಯುವುದು. ಅಂಚು, ಸೆರಗು ತಪ್ಪುತ್ತಿರಲಿಲ್ಲ. ತೆರೆಯ ಮೇಲೆ ಬಣ್ಣವೇ ಇರದಿದ್ದರೂ ಪ್ರತಿಯೊಬ್ಬನೂ ತನ್ನದೇ ಖರೇ ಬಣ್ಣ ಎಂದು ಜಗಳಕ್ಕೆ ನಿಲ್ಲುತ್ತಿದ್ದ. ಅಂಥದೇ ಒಂದು ಸಿನಿಮಾ ನೋಡಿ ಬಂದು ನಮ್ಮಜ್ಜ ಹಸಿರು ನೇಯ್ದ. ಅದನ್ನು ಖಾನಾಪುರದ ಹುಡುಗಿಗೆ ಕೊಟ್ಟು, ನಾಯಕಿ ಉಟ್ಟದ್ದು ಇದೇ ಎಂದು ಆಣೆ ಮಾಡಿ, ಮದುವೆಯಾದ. ಆ ಹುಡುಗಿಯೇ ನನ್ನ ಅಜ್ಜಿ. ನಾವು ಆಯಿ ಅನ್ನುತ್ತೇವೆ. ನಾಯಕಿ ಉಟ್ಟದ್ದು ಕೆಂಪು ಎಂದು ಆಯಿಯ ತಂಗಿಯ ವಾದ. ಅಜ್ಜ ಹೋದ ಮೇಲೆ ಆಯಿ ಖಾನಾಪುರಕ್ಕೇ ಮರಳಿ ತಂಗಿಯ ಜೊತೆಗಿದ್ದಳು; ಆಗಲೂ ಅಕ್ಕತಂಗಿಯರ ಈ ಜಗಳ ನಿಂತಿರಲಿಲ್ಲ.

ಅದೇ ಸಿನಿಮಾ ಬಣ್ಣದಲ್ಲಿ ಬಂದಿದೆ ಎಂದು ತಿಳಿದು ಖಾನಾಪುರಕ್ಕೆ ಓಡಿದೆ. ಆಯಿ ಆ ಹಸಿರು ಸೀರೆಯನ್ನೇ ಉಟ್ಟು, ತಂಗಿ ಹಟಕ್ಕೆ ಕೆಂಪು ಉಟ್ಟು ಟೀವಿ ಮುಂದೆ ಕುಳಿತರು. ನಾಯಕಿ ಬಂದಳು. ಕೆಂಪು!

"ನೋಡಕ್ಕಾ! ನಿನ್ನ ಗಂಡ ಅಗದೀ ಟೋಪಿ ಹಾಕ್ಯಾನ!" ಎಂದು ತಂಗಿ ಚಪ್ಪಾಳೆ ತಟ್ಟಿದಳು.

ಆಯಿ ಸೆರಗು ಹಿಡಿದುಕೊಂಡು, "ತಮ್ಮಾ, ನಿಮ್ಮಜ್ಜ ಸುಳ್ಳ ಹೇಳಿದ್ನೇನೋ?" ಎಂದಳು.

ಮೊಬೈಲಿನಲ್ಲಿ ಆಯಿಯ ಫೋಟೋ ತೆಗೆದು ಕಪ್ಪು ಬಿಳುಪು ಮಾಡಿದೆ. ರಿಮೋಟ್ ಹಿಡಿದು ಟೀವಿಯ ಬಣ್ಣವನ್ನು ಸೊನ್ನೆಗಿಳಿಸಿದೆ. ಮೊಬೈಲನ್ನು ಟೀವಿಯ ಬಾಜೂಕ ಹಿಡಿದೆ. ಅಜ್ಜನ ಹಸಿರೂ ನಾಯಕಿಯ ಸೀರೆಯೂ ಒಂದೇ ಬೂದಿ ಬಣ್ಣ!

"ಆಯೀ, ಕಂಪ್ಯೂಟರ್ ಅಂದಾಜಲೇ ಬಣ್ಣ ಬಡದೈತಿ," ಅಂದೆ.

"ಮತ್ತ! ಅದೇನ ಅವತ್ತ ಅಕೀ ಬಾಜೂಕ ನಿಂತಿತ್ತೇನ?" ಆಯಿಯ ದನಿ ಬೀದಿಗೆ ಕೇಳಿಸಿತು. "ಈಗ ನೋಡ, ಹೆಂಗ ಹಸರ ಕಾಣತೈತಿ!"

"ಏ ಅಕ್ಕಾ, ಕೆಂಪ ಐತದು!" ತಂಗಿಯೂ ಸೋಲಲಿಲ್ಲ. ಅವಳ ಕೆಂಪು ಸೀರೆಯ ಫೋಟೋ ತೆಗೆದೆ. ಅದೂ ಅದೇ ಬೂದಿ. ಇಬ್ಬರೂ ಗೆದ್ದು, ಕೊನೆಯವರೆಗೂ ಜಗಳಾಡುತ್ತಾ ಸಿನಿಮಾ ನೋಡಿದರು.

ಬಣ್ಣ ತುಂಬುವವರು ತುಂಬಲಿ, ನನ್ನ ತಕರಾರಿಲ್ಲ. ರಿಮೋಟ್ ಮಾತ್ರ ಆಯಿಯ ಕೈಯಲ್ಲಿರಲಿ.